ಖರ್ಚಾಗದೆ ಉಳಿದ ಹತ್ತು ರೂಪಾಯಿ

ಈ ಕಡೆ ಏನೂ ಬರೆಯದೆ ಬಹಳ ದಿನ ಆಯ್ತು. ಬರೀಬೇಕು ಅಂತ ಕೂತಾಗೆಲ್ಲ ಇನ್ನೇನೋ ಕೆಲಸ. ಈ ಸಲ ಮಾತ್ರ ಬರೆಯದೆ ಇರೋಕೆ ಆಗ್ಲಿಲ್ಲ. ಕಾರಣ, ನಮ್ಮಜ್ಜಿಯ ಟ್ರಂಕು.

ಅಜ್ಜಿ ಅಂದರೆ ಅಮ್ಮನ ಅಮ್ಮ. ಮದ್ದೂರಿನ ಹತ್ತಿರದ ಒಂದು ಹಳ್ಳಿ. ವಯಸ್ಸು ಈಗ ತೊಂಬತ್ತು. ಕಿವಿ ಮಂದ, ಮಂಡಿ ಕೈಕೊಟ್ಟಿದೆ, ನೆನಪು ಮಾತ್ರ ನನ್ನದಕ್ಕಿಂತ ಚೆನ್ನಾಗಿದೆ. ಹೋದ ತಿಂಗಳು ಊರಿಗೆ ಹೋದಾಗ ಮಾವ ಹಳೇ ಮನೆಯ ಅಟ್ಟ ಖಾಲಿ ಮಾಡಿಸ್ತಿದ್ದರು. ಅಲ್ಲಿಂದ ಇಳಿದ ತಗಡಿನ ಟ್ರಂಕಿನಲ್ಲಿ ಒಂದು ರವಿಕೆ ಬಟ್ಟೆಯ ಗಂಟು, ಗಂಟಿನೊಳಗೆ ನಾಲ್ಕು ಮಡಿಕೆ ಮಾಡಿದ ಹತ್ತು ರೂಪಾಯಿ ನೋಟು. ಆರನೇ ಜಾರ್ಜ್ ದೊರೆಯ ಮುಖ ಇರೋದು. ಜೊತೆಗೆ ಮಾಸಿದ ಕಪ್ಪು ದಾರದಲ್ಲಿ ಪೋಣಿಸಿದ ಒಂದು ತೂತು ಕಾಸು.

"ಇದನ್ಯಾಕಜ್ಜಿ ಇಟ್ಕೊಂಡಿದ್ದೆ?" ಅಂದೆ.

"ನಾನಲ್ಲ ಕನ್ ಮಗ, ನಮ್ಮವ್ವ ಇಟ್ಟಿದ್ದು" ಅಂತ ಹೇಳಿ ಸುಮ್ಮನಾದಳು. ಆಮೇಲೆ ಸಂಜೆ, ದೀಪ ಹಚ್ಚಿದ ಮೇಲೆ, ತಾನಾಗೇ ಶುರು ಮಾಡಿದಳು.

ಈ ಕಥೆಯ ಅರ್ಧ ನನಗೆ ಮೊದಲೇ ಗೊತ್ತಿತ್ತು. ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅಜ್ಜಿಗೆ ಒಬ್ಬ ತಮ್ಮ ಇದ್ದ, ಮೂರು ವರ್ಷದವನು, ಚಳಿಜ್ವರ ಬಂದು ತೀರಿಹೋದ. ಅಜ್ಜಿಯ ಅಪ್ಪ (ನನಗೆ ಮುತ್ತಾತ) ಮೈಸೂರಿಗೆ ಹೋಗಿ ಮಾತ್ರೆ ತರ್ತೀನಿ ಅಂತ ಹೊರಟವನು ಎರಡು ದಿನ ಬಿಟ್ಟು ಬರಿಗೈಲಿ ಬಂದ. ಬರಿಗೈ ಅಂದರೆ ಪೂರ್ತಿ ಬರಿಗೈ ಅಲ್ಲ, ಮುತ್ತಜ್ಜಿ ಕೊಟ್ಟು ಕಳಿಸಿದ್ದ ಹತ್ತು ರೂಪಾಯಿ ಹಾಗೇ ಜೇಬಿನಲ್ಲಿತ್ತು. ಎರಡು ದಿನ ಬಿಟ್ಟು ಮಗು ಹೋಯ್ತು. ಅವತ್ತಿನಿಂದ ಮುತ್ತಾತನಿಗೆ ಮನೆಯಲ್ಲಿ ಒಂದು ಹೆಸರು ಬಿತ್ತು. ಜಿಪುಣ. ಕಾಸು ಬಿಚ್ಚಲಿಲ್ಲ, ಮಗ ಹೋದ. ನಾವು ಚಿಕ್ಕವರಿದ್ದಾಗ ಯಾರಾದರೂ ದುಡ್ಡು ಕೊಡೋಕೆ ಹಿಂದೆಮುಂದೆ ನೋಡಿದರೆ ನಮ್ಮಮ್ಮ "ಥೇಟ್ ಅವರ ತಾತನೇ" ಅಂತಿದ್ದರು. ತಮಾಷೆಗೆ ಅಂತಿದ್ದರು. ಆ ತಮಾಷೆಯ ಬುಡದಲ್ಲಿ ಏನಿದೆ ಅಂತ ನಾನು ಯಾವತ್ತೂ ಯೋಚನೆ ಮಾಡಿರಲಿಲ್ಲ.

ನನಗೆ ಗೊತ್ತಿಲ್ಲದ ಇನ್ನರ್ಧ ಅಂದರೆ ಆ ನೋಟು ಇನ್ನೂ ಇದೆ ಅನ್ನೋದು. ಮುತ್ತಜ್ಜಿ ಅದನ್ನು ಖರ್ಚು ಮಾಡಲಿಲ್ಲ, ಗಂಡನಿಗೂ ಮುಟ್ಟೋಕೆ ಕೊಡಲಿಲ್ಲ. "ಅಪ್ಪಂಗೆ ಉಣ್ಣಕ್ಕಿಕ್ಕೋಳು, ಎದುರ್ಗೆ ಕೂರ್ತಿರ್ಲಿಲ್ಲ. ಇಕ್ಬುಟ್ಟು ಒಳೀಕೋಗ್ಬುಡೋಳು. ಸಾಯೋಗಂಟ ಅಂಗೇಯ" ಅಂದಳು ಅಜ್ಜಿ.

"ಇದೆಲ್ಲ ಯಾವ ವರ್ಷ ಅಜ್ಜಿ?"

"ಯುದ್ದದ್ ವರ್ಸ ಕನ್ಲಾ. ಸೀಮೆಣ್ಣೆ ಇರ್ಲಿಲ್ಲ. ಬಸ್ಸು ಇದ್ಲಲ್ಲಿ ಓಡೋದು. ಸೇಕ್ದಾರ್ರು ಬಂದು ಹಗೇವು ತೆಗ್ಸಿದ್ರಲ್ಲ, ಆವಾಗ."

ಹಳೇ ಕಾಲದ ಮಂದಿಗೆ ಇಸವಿ ಇರೋದಿಲ್ಲ, ಗುರುತುಗಳಿರುತ್ತವೆ. ಬೆಂಗಳೂರಿಗೆ ವಾಪಸ್ ಬಂದಮೇಲೆ ಈ ಗುರುತುಗಳನ್ನಿಟ್ಟುಕೊಂಡು ಇಸವಿ ಹುಡುಕೋಣ ಅಂತ ಕೂತೆ. ನಾನೇನೂ ಇತಿಹಾಸ ಓದಿದವನಲ್ಲ, ಹೊಟ್ಟೆಪಾಡಿಗೆ ಬೇರೇನೋ ಮಾಡ್ತೀನಿ. ಆದರೂ ಹುಡುಕ್ತಾ ಹೋದ ಹಾಗೆ ಒಂದು ವಿಷಯ ಗಟ್ಟಿಯಾಗಿ ತಲೆಯಲ್ಲಿ ಕೂತುಬಿಟ್ಟಿತು. ಅದನ್ನೇ ಇಲ್ಲಿ ಹೇಳಬೇಕಿರೋದು.

ಮೊದಲು ಆ ಇದ್ದಿಲು ಬಸ್ಸಿನ ವಿಷಯ ಹೇಳಿಬಿಡ್ತೀನಿ, ಯಾಕಂದ್ರೆ ಅಜ್ಜಿ ಆ ಸಂಜೆ ನಕ್ಕಿದ್ದು ಅದೊಂದಕ್ಕೇ.

1941ರಲ್ಲಿ ಪೆಟ್ರೋಲಿಗೆ ರೇಷನ್ ಬಂತು. ಇರೋ ಬರೋ ಪೆಟ್ರೋಲೆಲ್ಲ ಮಿಲಿಟರಿಗೆ. ಖಾಸಗಿ ಬಸ್ಸಿನ ಮಾಲೀಕರು ಏನು ಮಾಡಬೇಕು? ಬಸ್ಸಿನ ಹಿಂದುಗಡೆ ಆಳೆತ್ತರದ ಒಂದು ಕಬ್ಬಿಣದ ಡ್ರಮ್ಮು ಕಟ್ಟಿಸಿದರು. ಮೇಲಿನಿಂದ ಇದ್ದಿಲು ತುಂಬಿ ಕೆಳಗಿನಿಂದ ಬೆಂಕಿ ಹಾಕೋದು. ಗಾಳಿ ಸಾಲದಷ್ಟು ಬಿಟ್ಟರೆ ಇದ್ದಿಲು ಪೂರ್ತಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಅನಿಲ ಬರುತ್ತೆ. ಆ ಅನಿಲವನ್ನು ಸೋಸಿ, ತಣ್ಣಗೆ ಮಾಡಿ, ಕೊಳವೆಯಲ್ಲಿ ಎಂಜಿನ್ನಿಗೆ ಬಿಡೋದು. ಎಂಜಿನ್ ಅದೇ ಹಳೇ ಪೆಟ್ರೋಲ್ ಎಂಜಿನ್ನೇ. ಕೇಳೋಕೆ ಸುಲಭ. ಬೆಳಿಗ್ಗೆ ಬಸ್ಸು ಹೊರಡಬೇಕಾದರೆ ಕ್ಲೀನರ್ ಹುಡುಗ ಮುಂಚೆಯೇ ಎದ್ದು ಬೆಂಕಿ ಹಾಕಿ, ಡ್ರಮ್ಮಿಗೆ ಸೇರಿಸಿದ ಗಾಳಿಚಕ್ರವನ್ನು ಕೈಯಲ್ಲಿ ಗರಗರ ತಿರುಗಿಸ್ತಾ ನಿಲ್ಲಬೇಕು, ಕುಲುಮೆಯಲ್ಲಿ ತಿದಿ ಒತ್ತಿದ ಹಾಗೆ. ಅರ್ಧ ಗಂಟೆ ತಿರುಗಿಸಿದರೂ ಒಂದೊಂದು ದಿನ ಗಾಡಿ ಹೊತ್ತಿಕೊಳ್ಳುತ್ತಿರಲಿಲ್ಲ. ಹೊರಟ ಮೇಲೂ ಪೆಟ್ರೋಲಿನ ಶಕ್ತಿ ಎಲ್ಲಿ ಬರಬೇಕು? ಸಣ್ಣ ದಿಬ್ಬ ಬಂದರೂ "ಇಳೀರಿ ಇಳೀರಿ" ಅಂತ ಕಂಡಕ್ಟರ್ ಕೂಗೋನಂತೆ. ಜನ ಇಳಿದು ತಳ್ಳಿ, ದಿಬ್ಬ ಹತ್ತಿಸಿ, ಓಡಿಹೋಗಿ ಮತ್ತೆ ಹತ್ತಿಕೊಳ್ಳೋರು. ಹಿಂದಿನ ಸೀಟಿನವರ ಬಿಳಿ ಪಂಚೆ ಮೈಸೂರು ಸೇರೋ ಹೊತ್ತಿಗೆ ಬೂದಿ ಬಣ್ಣ.

ಅಜ್ಜಿ ಆ ಬಸ್ಸನ್ನು ಹತ್ತಿರಲಿಲ್ಲ. ರಸ್ತೆ ಪಕ್ಕ ದನ ಕಾಯ್ತಿದ್ದ ಮಕ್ಕಳೆಲ್ಲ ಸೇರಿ ಬಸ್ಸಿನ ಜೊತೆ ಓಟ ಕಟ್ಟುತ್ತಿದ್ದರಂತೆ. "ದಿಬ್ಬದಲ್ಲಿ ನಾವೇ ಗೆಲ್ಲೋದು!" ಅಂತ ನಕ್ಕಳು. ಈ ಬಸ್ಸಿನ ನೆನಪು ನಿಮ್ಮ ಮನೆಗಳಲ್ಲೂ ಇರಬೇಕು. ಕೇಳಿ ನೋಡಿ, ಇದ್ದಿಲು ಬಸ್ಸು ಅಂದ ತಕ್ಷಣ ಎಂಬತ್ತೈದು ದಾಟಿದವರ ಮುಖ ನೋಡಬೇಕು.

ಮುತ್ತಾತ ಮೈಸೂರಿಗೆ ಹೋಗಿದ್ದು ಇಂಥದ್ದೇ ಬಸ್ಸಿನಲ್ಲಿ. ಮದ್ದೂರಿನಿಂದ ಮೈಸೂರಿಗೆ ಅರವತ್ತು ಕಿಲೋಮೀಟರಿನ ಆಸುಪಾಸು. ಈಗ ಒಂದು ಗಂಟೆ ದಾರಿ. ಎರಡು ದಿನ ಯಾಕೆ ಹಿಡೀತು, ಅಲ್ಲಿ ಏನು ಮಾಡ್ತಿದ್ದ, ಯಾರ ಮನೆಯಲ್ಲಿ ಉಳಿದುಕೊಂಡಿದ್ದ ಅನ್ನೋ ಅನುಮಾನವೂ ಮುತ್ತಜ್ಜಿಯ ಸಿಟ್ಟಿನಲ್ಲಿ ಸೇರಿತ್ತು. ಬಸ್ಸಿನ ಕಥೆ ಕೇಳಿದ ಮೇಲೆ ಆ ಎರಡು ದಿನ ನನಗೆ ಅಷ್ಟೇನೂ ಜಾಸ್ತಿ ಅನ್ನಿಸಲಿಲ್ಲ.

ಇನ್ನು ಇಸವಿ. ಇಲ್ಲಿ ನೆರವಾಗಿದ್ದು ಆ ತೂತು ಕಾಸು. ಅದು ತಮ್ಮನ ಉಡಿದಾರದಲ್ಲಿತ್ತು, ಮಣ್ಣು ಮಾಡುವಾಗ ಅವ್ವ ಬಿಚ್ಚಿ ಇಟ್ಟುಕೊಂಡಳು ಅಂತ ಅಜ್ಜಿ ಹೇಳಿದಳು. ಈಗಿನವರಿಗೆ ತೂತು ಕಾಸು ಅಂದರೆ ಮಾತಿನಲ್ಲಷ್ಟೇ ಗೊತ್ತು. ತಾಮ್ರ, ಕಂಚು ಎಲ್ಲ ಗುಂಡು ಮಾಡೋಕೆ ಬೇಕಾಗಿದ್ದರಿಂದ ಸರ್ಕಾರ ನಾಣ್ಯಗಳಲ್ಲಿ ಲೋಹ ಉಳಿಸೋಕೆ ಹೊರಟಿತು. ಮೊದಲು 1940ರಲ್ಲಿ ಬೆಳ್ಳಿ ರೂಪಾಯಿಯ ಬೆಳ್ಳಿ ಅರ್ಧಕ್ಕೆ ಇಳಿಯಿತು. ಜನ ಹಳೇ ರೂಪಾಯಿಗಳನ್ನು ಮಡಕೆಯಲ್ಲಿ ಹಾಕಿ ಹೂತರು. ಚಿಲ್ಲರೆಯೇ ಸಿಗದ ಹಾಗಾಗಿ ಅದೇ ವರ್ಷ ಒಂದು ರೂಪಾಯಿಯ ಕಾಗದದ ನೋಟು ಚಲಾವಣೆಗೆ ಬಂತು. ಮುಂದೆ ಎರಡು ರೂಪಾಯಿ ನೋಟೂ ಬಂತು. 1942ರಿಂದ ಅರ್ಧಾಣೆ, ಒಂದಾಣೆಗಳೆಲ್ಲ ಹಳದಿ ಬಣ್ಣಕ್ಕೆ ತಿರುಗಿದವು, ನಿಕಲ್ ಉಳಿಸಿ ಹಿತ್ತಾಳೆ ಸೇರಿಸಿದ್ದರಿಂದ. ಕೊನೆಗೆ ಕಾಸಿನ ಹೊಟ್ಟೆಯನ್ನೇ ಕೊರೆದರು! ನಡುವೆ ದೊಡ್ಡ ತೂತು ಇರೋ ಒಂದು ಪೈಸೆಯ ಕಾಸು ಟಂಕಸಾಲೆಯಿಂದ ಬಂದದ್ದು 1943ರಲ್ಲಿ, 1947ರವರೆಗೂ ಅದು ನಡೆಯಿತು. ಮಕ್ಕಳಿಗಂತೂ ಹಬ್ಬ. ದಾರಕ್ಕೆ ಪೋಣಿಸಬಹುದು, ಉಡಿದಾರಕ್ಕೆ ಕಟ್ಟಬಹುದು, ಬೆರಳಿಗೆ ಸಿಕ್ಕಿಸಬಹುದು. ನಮ್ಮ ಟ್ರಂಕಿನ ಕಾಸಿನ ಮೇಲೆ 1943 ಅಂತ ಸ್ಪಷ್ಟವಾಗೇ ಇದೆ.

ಅಂದರೆ ಮಗು 1943ರಲ್ಲಿ ಬದುಕಿತ್ತು. ಅದಕ್ಕೂ ಮುಂಚೆ ತೀರಿಕೊಂಡಿರೋಕೆ ಸಾಧ್ಯವಿಲ್ಲ. ಇನ್ನು ನೋಟು. ಅದರ ಮೇಲೆ ರಿಸರ್ವ್ ಬ್ಯಾಂಕ್ ಗವರ್ನರ್ ಜೆ. ಬಿ. ಟೇಲರ್ ಸಹಿ ಇದೆ. ಟೇಲರ್ 1943ರ ಫೆಬ್ರವರಿಯಲ್ಲಿ ತೀರಿಕೊಂಡರು, ಆಮೇಲೆ ಆಗಸ್ಟಿನಲ್ಲಿ ಗವರ್ನರ್ ಆದದ್ದು ಸಿ. ಡಿ. ದೇಶಮುಖ್. ಹಳೇ ಸಹಿಯ ನೋಟು ಎಷ್ಟು ವರ್ಷ ಬೇಕಾದರೂ ಓಡಾಡಬಹುದು, ಹಾಗಾಗಿ ಇದು ಗಟ್ಟಿ ಸಾಕ್ಷಿ ಅಲ್ಲ. ಆದರೆ ಅಜ್ಜಿ ತನಗೆ ಆಗ ಎಂಟು ವರ್ಷ ಅಂತಾಳೆ. ಆ ಲೆಕ್ಕಕ್ಕೆ 1943 ಅಥವಾ ಅದರ ಮಾರನೇ ವರ್ಷ. ಮಳೆಗಾಲ ಮುಗಿದು ಗದ್ದೆಯಲ್ಲಿ ನೀರು ನಿಂತಿದ್ದ ಕಾಲ ಅಂತಲೂ ಹೇಳಿದಳು. ನಾನು 1943ರ ಕೊನೆ ಅಂತ ಇಟ್ಟುಕೊಂಡಿದ್ದೇನೆ.

ಈಗ ಅಸಲು ವಿಷಯಕ್ಕೆ ಬರ್ತೀನಿ.

ಅಜ್ಜಿ ಹೇಳೋ ಯುದ್ಧದ ಕಥೆಗಳು ಒಂದಕ್ಕೊಂದು ಸಂಬಂಧ ಇಲ್ಲದ ಹಾಗೆ ಇರುತ್ತವೆ. ಪಕ್ಕದ ಬೀದಿಯ ಒಬ್ಬರು ಮೈಸೂರು ಪಡೆಗೆ ಸೇರಿ ಹಡಗು ಹತ್ತಿದವರು ಮೂರೂವರೆ ವರ್ಷ ಒಂದು ಕಾಗದ ಹಾಕಲಿಲ್ಲ, ಹೆಂಡತಿ ಕುಂಕುಮ ಅಳಿಸಬೇಕೋ ಬೇಡವೋ ಅಂತ ಊರೇ ಪಂಚಾಯ್ತಿ ಮಾಡ್ತಿತ್ತು. ಇದು ಒಂದು ಕಥೆ. ಸೀಮೆಎಣ್ಣೆ ಸಿಗದೆ ಹೊಂಗೆ ಎಣ್ಣೆ, ಹರಳೆಣ್ಣೆಯ ದೀಪಕ್ಕೆ ವಾಪಸ್ ಹೋದದ್ದು ಇನ್ನೊಂದು. ಹಗೇವು ತೆಗೆಸಿ ರಾಗಿ ಅಳೆದುಕೊಂಡು ಹೋದದ್ದು ಮತ್ತೊಂದು. ಮಾತ್ರೆ ಸಿಗದೆ ತಮ್ಮ ಹೋದದ್ದು ಮಗದೊಂದು. ಎಲ್ಲದಕ್ಕೂ ಬೇರೆ ಬೇರೆ ಖಳನಾಯಕರು. ಸೀಮೆಎಣ್ಣೆಗೆ ಅಂಗಡಿಯವನು, ರಾಗಿಗೆ ಶೇಕ್ದಾರ, ತಮ್ಮನಿಗೆ ಅಪ್ಪ.

ತಾರೀಖುಗಳನ್ನು ಒಂದು ಹಾಳೆಯಲ್ಲಿ ಸಾಲಾಗಿ ಬರೆದಾಗ ನನಗೆ ಕಂಡದ್ದು ಇದು. 1942ರ ಫೆಬ್ರವರಿ 15ರಂದು ಸಿಂಗಪುರ ಜಪಾನೀಯರಿಗೆ ಶರಣಾಯಿತು. ಅಲ್ಲಿ ಸೆರೆಸಿಕ್ಕ ಸಾವಿರಾರು ಭಾರತೀಯ ಸೈನಿಕರಲ್ಲಿ ಮೈಸೂರು ಸಂಸ್ಥಾನದ ಕಾಲಾಳು ಪಡೆಯವರೂ ಇದ್ದರು. ಮಾರ್ಚ್ 8ರಂದು ರಂಗೂನ್ ಬಿತ್ತು. ಅದೇ ಹೊತ್ತಿಗೆ ಜಾವಾದಲ್ಲಿ ಡಚ್ಚರು ಶರಣಾದರು. ಏಪ್ರಿಲ್ 5ರಂದು ಕೊಲಂಬೊ ಮೇಲೆ, ಮಾರನೇ ದಿನ ವಿಶಾಖಪಟ್ಟಣ ಮತ್ತು ಕಾಕಿನಾಡದ ಮೇಲೆ ಬಾಂಬು. ಮದ್ರಾಸು ಅರ್ಧಕ್ಕರ್ಧ ಖಾಲಿಯಾಯಿತು, ಸರ್ಕಾರಿ ಕಚೇರಿಗಳೇ ಒಳನಾಡಿಗೆ ಗಂಟುಮೂಟೆ ಕಟ್ಟಿದವು. ಏಪ್ರಿಲ್ ನಡುವಿನಲ್ಲಿ ಬ್ರಿಟಿಷರು ಬರ್ಮಾದ ಯೆನಾಂಜಾಂವ್ ಎಣ್ಣೆ ಬಾವಿಗಳಿಗೆ ತಾವೇ ಬೆಂಕಿ ಇಟ್ಟು ಹಿಂದೆ ಸರಿದರು, ಜಪಾನೀಯರ ಕೈಗೆ ಸಿಗಬಾರದು ಅಂತ.

ಇಷ್ಟೆಲ್ಲ ಆಗಿದ್ದು ಎರಡೇ ತಿಂಗಳಲ್ಲಿ. ಸಿಂಗಪುರದ ಜೊತೆ ಪಕ್ಕದ ಬೀದಿಯವರು ಹೋದರು. ರಂಗೂನಿನ ಜೊತೆ ಅಕ್ಕಿ ಹೋಯಿತು. ಎಣ್ಣೆ ಬಾವಿಯ ಜೊತೆ ಸೀಮೆಎಣ್ಣೆ ಹೋಯಿತು. ಜಾವಾದ ಜೊತೆ ಕ್ವಿನೈನ್ ಹೋಯಿತು. ಅಜ್ಜಿಯ ನಾಲ್ಕು ಕಥೆಗೂ ಬೇರು ಒಂದೇ. ಮದ್ದೂರಿನ ಪಕ್ಕದ ಹಳ್ಳಿಯಲ್ಲಿ ಏಳೆಂಟು ವರ್ಷದ ಹುಡುಗಿಗೆ ಅದು ಕಾಣೋದು ಹೇಗೆ? ದೊಡ್ಡವರಿಗೇ ಕಂಡಿರಲಿಲ್ಲ.

ಅಕ್ಕಿಯದು ಸ್ವಲ್ಪ ವಿವರಿಸಬೇಕು. ಬರ್ಮಾದಿಂದ ಭಾರತಕ್ಕೆ ವರ್ಷಕ್ಕೆ ಹತ್ತು ಲಕ್ಷ ಟನ್ನಿಗೂ ಮೀರಿ ಅಕ್ಕಿ ಬರ್ತಿತ್ತು. ಅದರಲ್ಲಿ ದಕ್ಷಿಣ ಭಾರತದ ಪಾಲು ದೊಡ್ಡದು. ನಮ್ಮ ಮಂಡ್ಯದ ಕಡೆಯವರು ರಂಗೂನ್ ಅಕ್ಕಿ ತಿಂದವರೇನಲ್ಲ, ಕನ್ನಂಬಾಡಿ ಕಾಲುವೆ ಬಂದಮೇಲೆ ಭತ್ತ ಬೆಳೀತಿದ್ದವರು, ಅದಕ್ಕೂ ಮುಂಚೆ ರಾಗಿ. ಆದರೆ ಬೆಂಗಳೂರಿನಲ್ಲಿ ಪೇಟೆ, ದಂಡು ಎರಡೂ ಸೇರಿ 1941ರ ಜನಗಣತಿಯಲ್ಲೇ ನಾಲ್ಕು ಲಕ್ಷದಷ್ಟು ಜನ. ಅದರ ಮೇಲೆ ಯುದ್ಧಕ್ಕಾಗಿ ಬಂದು ಇಳಿದ ಪಟಾಲಮ್ಮುಗಳು, ಹೊಸ ಕಾರ್ಖಾನೆಯ ಕೂಲಿಗಳು, ಮದ್ರಾಸಿನಿಂದ ಓಡಿಬಂದವರು. ಅವರಿಗೆ ಉಣ್ಣಿಸಬೇಕು ಅಂದರೆ ಹಳ್ಳಿಯ ಹಗೇವು ತೆಗೆಸಲೇಬೇಕು. 1943ರಲ್ಲಿ ಗ್ರೆಗರಿ ಸಮಿತಿ, ಲಕ್ಷಕ್ಕೂ ಹೆಚ್ಚು ಜನರಿರೋ ಪಟ್ಟಣಗಳಲ್ಲೆಲ್ಲ ರೇಷನ್ ಬರಬೇಕು ಅಂತ ಶಿಫಾರಸು ಮಾಡಿತು. ಆ ವರ್ಷ ಬಂಗಾಳದಲ್ಲಿ ಕ್ಷಾಮ. ಸುಮಾರು ಮೂವತ್ತು ಲಕ್ಷ ಜನ ಸತ್ತರು. ಅದನ್ನು ನೋಡಿದ ಮೇಲೆ ಯಾವ ಸರ್ಕಾರಕ್ಕೂ ಪಟ್ಟಣದಲ್ಲಿ ಕಾಳು ಇಲ್ಲದ ಹಾಗೆ ಬಿಡೋ ಧೈರ್ಯ ಇರಲಿಲ್ಲ.

ಹಗೇವು ನೋಡಿದವರು ಈಗ ಕಡಿಮೆ. ಮನೆ ಮುಂದಿನ ಅಂಗಳದಲ್ಲೋ ಬೀದಿಯಲ್ಲೋ ನೆಲದಾಳಕ್ಕೆ ತೋಡಿದ ಗುಂಡಿ. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ರಾಗಿ ತುಂಬಿ, ಮೇಲೆ ಹುಲ್ಲು ಹಾಕಿ, ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡೋದಿಲ್ಲ. ತೆಗೆದ ತಕ್ಷಣ ಇಳಿಯೋ ಹಾಗಿಲ್ಲ, ಒಳಗಿನ ಕೆಟ್ಟ ಗಾಳಿ ಆಳನ್ನೇ ತಿಂದುಹಾಕುತ್ತೆ. ಒಂದಷ್ಟು ಹೊತ್ತು ಬಿಟ್ಟು, ದೀಪ ಇಳಿಬಿಟ್ಟು, ಆರದೇ ಇದ್ದರೆ ಮಾತ್ರ ಇಳಿಯೋದು. ಅವತ್ತು ಶೇಕ್ದಾರರು ಶ್ಯಾನುಭೋಗರ ಜೊತೆ ಬಂದು ನಿಂತು ಇಳಿಸಿದರಂತೆ. ಮನೆಮಂದಿಗೆ ಇಷ್ಟು ಅಂತ ಬಿಟ್ಟು ಉಳಿದದ್ದನ್ನು ಕಂಟ್ರೋಲ್ ರೇಟಿಗೆ ಅಳೆಸಿಕೊಂಡರು. ಅದಕ್ಕೂ ಮುಂಚಿನ ರಾತ್ರಿ ಮುತ್ತಾತ ಎರಡು ಪಲ್ಲ ರಾಗಿಯನ್ನು ಹುಲ್ಲಿನ ಮೆದೆಯೊಳಗೆ ಬಚ್ಚಿಟ್ಟಿದ್ದನಂತೆ. ಊರಲ್ಲಿ ಎಲ್ಲರೂ ಏನಾದರೊಂದು ಬಚ್ಚಿಟ್ಟಿದ್ದರು ಅನ್ನಿ. ಮುತ್ತಜ್ಜಿ ಕೊಟ್ಟ ಹತ್ತು ರೂಪಾಯಿ, ಆ ಕಂಟ್ರೋಲ್ ದುಡ್ಡಿನಲ್ಲಿ ಬಂದದ್ದು.

ಯುದ್ಧದಿಂದ ಎಲ್ಲರಿಗೂ ಕೆಟ್ಟದ್ದೇ ಆಯ್ತು ಅಂದರೆ ಸುಳ್ಳಾಗುತ್ತೆ. ಜಪಾನಿನ ರೇಷ್ಮೆ ನಿಂತುಹೋಗಿ, ಪ್ಯಾರಾಚೂಟಿಗೆ ಮೈಸೂರು ಸೀಮೆಯ ರೇಷ್ಮೆಯೇ ಬೇಕಾಯಿತು. ಹಿಪ್ಪುನೇರಳೆ ಹಾಕಿದವರ ಕೈಯಲ್ಲಿ ಕಾಸು ಆಡಿತು. ನಮ್ಮೂರಿನಲ್ಲಿ ಒಂದು ಮನೆಗೆ ಮಂಗಳೂರು ಹೆಂಚು ಬಂದದ್ದು ಆ ವರ್ಷಗಳಲ್ಲೇ ಅಂತ ಅಜ್ಜಿ ಇವತ್ತಿಗೂ ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ ಹೇಳ್ತಾಳೆ. ಬೆಂಗಳೂರಿನವರನ್ನು ಕೇಳಿದರೆ ಅವರ ಯುದ್ಧವೇ ಬೇರೆ. 1940ರ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಶುರು ಮಾಡಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್, 1943ರಲ್ಲಿ ಅದು ಅಮೆರಿಕದವರ ಕೈಗೆ ಹೋದದ್ದು, ರಿಪೇರಿಗೆ ಬಂದ ಕ್ಯಾಟಲೀನಾ ವಿಮಾನಗಳು ಬೆಳ್ಳಂದೂರು ಕೆರೆಯ ನೀರಿನ ಮೇಲೆ ಇಳೀತಿದ್ದದ್ದು, ಜಾಲಹಳ್ಳಿಯಲ್ಲಿದ್ದ ಇಟಲಿಯ ಯುದ್ಧಕೈದಿಗಳು... ಇದರ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. (ಈಗಿನ ಬೆಳ್ಳಂದೂರು ಕೆರೆಯ ಮೇಲೆ ವಿಮಾನ ಇಳಿಸಿದರೆ ನೊರೆಯಲ್ಲಿ ಹುಡುಕಬೇಕಾದೀತು, ಇರಲಿ.)

ಹಳ್ಳಿಗಳ ಯುದ್ಧದ ಬಗ್ಗೆ ಬರೆದವರು ಕಡಿಮೆ. ನಮ್ಮ ಮದ್ದೂರಿನ ಪಕ್ಕದಲ್ಲೇ ಶಿವಪುರ ಇದೆ. 1938ರಲ್ಲಿ ಧ್ವಜ ಸತ್ಯಾಗ್ರಹ ಆದ ಜಾಗ, ಸೌಧ ಕಟ್ಟಿದ್ದಾರೆ, ಶಾಲೆಯಲ್ಲಿ ಪಾಠ ಮಾಡ್ತಾರೆ. 1942ರ ಈಸೂರು ಎಲ್ಲರಿಗೂ ಗೊತ್ತು. ಅವೆಲ್ಲ ಸರಿಯೇ, ಬೇಕು. ಆದರೆ ಅದೇ ವರ್ಷಗಳಲ್ಲಿ ಅದೇ ಹಳ್ಳಿಗಳಲ್ಲಿ ಚಳಿಜ್ವರದಲ್ಲಿ ಎಷ್ಟು ಮಕ್ಕಳು ಹೋದವು ಅಂತ ಪಾಠದಲ್ಲಿ ನಾನು ಓದಿದ ನೆನಪಿಲ್ಲ.

ಮಂಡ್ಯದಲ್ಲಿ ಮಲೇರಿಯಾ ಯಾಕೆ ಅಷ್ಟು ಅಂತೀರಾ? ಅದಕ್ಕೂ ನಮ್ಮ ಹೆಮ್ಮೆಯೇ ಕಾರಣ. ಕನ್ನಂಬಾಡಿ ಕಟ್ಟೆಯ ನೀರು ಇರ್ವಿನ್ ನಾಲೆಯಲ್ಲಿ (ಈಗ ವಿಶ್ವೇಶ್ವರಯ್ಯ ನಾಲೆ) ಹರಿಯಲು ಶುರುವಾದದ್ದು 1930ರ ದಶಕದ ಮೊದಲಲ್ಲಿ. ಬರಡು ಭೂಮಿ ಹಸಿರಾಯಿತು, 1933ರಲ್ಲಿ ಸಕ್ಕರೆ ಕಂಪನಿ ಬಂತು, 1939ರಲ್ಲಿ ಮಂಡ್ಯ ಜಿಲ್ಲೆಯೇ ಆಯಿತು. ಗದ್ದೆಯಲ್ಲಿ, ನಾಲೆಯ ಪಕ್ಕದ ಗುಂಡಿಗಳಲ್ಲಿ ನೀರು ನಿಂತಿತು. ನಿಂತ ನೀರಿನಲ್ಲಿ ಸೊಳ್ಳೆ. ಕಾಲುವೆ ಬರೋಕೆ ಮುಂಚೆ ಅಷ್ಟಾಗಿ ಇಲ್ಲದಿದ್ದ ಚಳಿಜ್ವರ ಮನೆಮನೆಗೂ ಬಂತು. ಸಂಸ್ಥಾನದ ಆರೋಗ್ಯ ಇಲಾಖೆ ಆ ಕಾಲಕ್ಕೇ ಇದನ್ನು ಅರಿತು ಮಂಡ್ಯ ಭಾಗದಲ್ಲಿ ಮಲೇರಿಯಾ ಕೆಲಸಕ್ಕೆ ಇಳಿದಿತ್ತು ಅನ್ನೋದನ್ನೂ ಹೇಳಬೇಕು. ಆದರೆ ಅವರ ಕೈಯಲ್ಲಿದ್ದ ಔಷಧಿ ಒಂದೇ. ಕ್ವಿನೈನ್.

ಆ ಕ್ವಿನೈನ್ ಬರ್ತಿದ್ದದ್ದು ಸಿಂಕೋನಾ ಮರದ ತೊಗಟೆಯಿಂದ. ಲೋಕಕ್ಕೆ ಬೇಕಾದ ಕ್ವಿನೈನಿನಲ್ಲಿ ನೂರಕ್ಕೆ ತೊಂಬತ್ತರಷ್ಟು ಜಾವಾ ದ್ವೀಪ ಒಂದರಿಂದಲೇ ಬರ್ತಿತ್ತು. ಭಾರತದಲ್ಲೂ ಬೆಳೀತಿದ್ದರು, ಡಾರ್ಜೀಲಿಂಗಿನಲ್ಲಿ, ನೀಲಗಿರಿಯಲ್ಲಿ. ಆದರೆ ನಮ್ಮ ಖರ್ಚಿನ ಅರ್ಧಕ್ಕೂ ಅದು ಸಾಲುತ್ತಿರಲಿಲ್ಲ. ಯುದ್ಧ ಬಂತು ಅಂತ ಹೊಸದಾಗಿ ನೆಡೋಣ ಅಂದರೆ ತೊಗಟೆ ಸುಲಿಯೋಕೆ ಮರ ಹತ್ತಿರ ಹತ್ತಿರ ಹತ್ತು ವರ್ಷ ಬೆಳೆಯಬೇಕು. ನೀವು ಮೈಸೂರಿನಿಂದ ಗುಡಲೂರು ಹಾದು ಊಟಿಗೆ ಹೋಗಿದ್ದರೆ ನಡುವಟ್ಟಂ ಅನ್ನೋ ಊರು ಸಿಗುತ್ತೆ, ಟೀ ಕುಡಿಯೋಕೆ ನಿಲ್ಲಿಸ್ತಾರೆ. ಅಲ್ಲೇ ಮದ್ರಾಸು ಸರ್ಕಾರದ ಕ್ವಿನೈನ್ ಕಾರ್ಖಾನೆ ಇತ್ತು. ಮುತ್ತಾತ ಮೈಸೂರಿನಲ್ಲಿ ಅಂಗಡಿ ಅಂಗಡಿ ಅಲೆಯುತ್ತಿದ್ದಾಗ ಮದ್ದಿನ ಮರಗಳು ಅಲ್ಲಿಂದ ನೂರು ಚಿಲ್ಲರೆ ಕಿಲೋಮೀಟರ್ ದೂರದ ಬೆಟ್ಟದ ಮೇಲೆ ನಿಂತಿದ್ದವು.

ಜಾವಾ ಹೋದ ತಕ್ಷಣ ಮಾತ್ರೆ ಮಾಯವಾಗಲಿಲ್ಲ. ಇದ್ದ ದಾಸ್ತಾನು ಒಂದಷ್ಟು ಕಾಲ ಎಳೆಯಿತು. 1943ರ ಹೊತ್ತಿಗೆ ಅದೂ ಬಸಿದುಹೋಗಿತ್ತು. ಇದ್ದದ್ದರಲ್ಲೂ ಮೊದಲ ಪಾಲು ಬರ್ಮಾ ಗಡಿಯಲ್ಲಿದ್ದ ಸೈನ್ಯಕ್ಕೆ. ಅಲ್ಲಿ ಗುಂಡಿಗಿಂತ ಮಲೇರಿಯಾಕ್ಕೆ ಮಲಗಿದವರೇ ಹೆಚ್ಚು. ಬದಲಿಗೆ ಬಂದ ಮೆಪಾಕ್ರಿನ್ ಮಾತ್ರೆ (ತಿಂದರೆ ಮೈಯೆಲ್ಲ ಹಳದಿ ಆಗ್ತಿತ್ತು) ಕೂಡ ಮೊದಲು ಹೋದದ್ದು ಸಿಪಾಯಿಗಳಿಗೇ. ಯುದ್ಧಕ್ಕೆ ಮುಂಚೆ ಬ್ರಿಟಿಷ್ ಪ್ರಾಂತ್ಯಗಳಲ್ಲಿ ಅಂಚೆ ಕಚೇರಿಯಲ್ಲೇ ಪುಡಿಗಾಸಿಗೆ ಪೊಟ್ಟಣ ಕಟ್ಟಿ ಮಾರುತ್ತಿದ್ದ ಮದ್ದು, ಈಗ ದುಡ್ಡು ಹಿಡಿದು ನಿಂತರೂ ಇಲ್ಲ. ಬಂಗಾಳದಲ್ಲಿ ಕಾಳಸಂತೆಯಲ್ಲಿ ಕಲಬೆರಕೆ ಕ್ವಿನೈನ್ ಮಾರಿ ದುಡ್ಡು ಮಾಡಿದವರಿದ್ದರು.

ಈ ಕೊನೇ ಮಾತು ನನ್ನನ್ನು ಒಂದೆರಡು ದಿನ ಕಾಡಿತು. ಮೈಸೂರಿನಲ್ಲೂ ಕಾಳಸಂತೆ ಇದ್ದೇ ಇರಬೇಕು. ಹತ್ತು ರೂಪಾಯಿ ಆ ಕಾಲಕ್ಕೆ ಸಣ್ಣ ಮೊತ್ತ ಅಲ್ಲ. ಗೊತ್ತಿದ್ದವನು ಗೊತ್ತಿದ್ದವರ ಕೈಯಲ್ಲಿ ಕೇಳಿದ್ದರೆ ಎರಡು ಮಾತ್ರೆ ಸಿಕ್ತಿತ್ತೇನೋ. ಆದರೆ ಮೈಸೂರನ್ನು ದಸರಾಕ್ಕೆ ಬಿಟ್ಟರೆ ನೋಡದ ಒಬ್ಬ ರೈತ, ಕಂಬಳಿ ಹೊದ್ದುಕೊಂಡು ಮದ್ದಿನಂಗಡಿಯ ಮೆಟ್ಟಿಲ ಮೇಲೆ ನಿಂತು ಯಾರನ್ನು ಏನಂತ ಕೇಳಬೇಕು? ಅಂಗಡಿಯವನು ಇಲ್ಲ ಅಂದ, ಮುಂದಿನ ಅಂಗಡಿಗೆ ಹೋದ. ಅವನೂ ಇಲ್ಲ ಅಂದ. ಅಷ್ಟೇ ಆಗಿರಬೇಕು. ಮನೆಗೆ ಬಂದು "ಎಲ್ಲೂ ಇಲ್ಲ" ಅಂದ, ನೋಟು ತೆಗೆದು ಹೆಂಡತಿ ಕೈಗಿಟ್ಟ. ಸುಳ್ಳು ಹೇಳೋನಾಗಿದ್ದರೆ, ಜಿಪುಣನೇ ಆಗಿದ್ದರೆ, ಮದ್ದಿಗೆ ಖರ್ಚಾಯ್ತು ಅಂತ ಒಂದು ಪೊಟ್ಟಣ ಸುಣ್ಣದ ಪುಡಿ ತಂದು ನೋಟು ತಾನೇ ಇಟ್ಟುಕೊಳ್ಳಬಹುದಿತ್ತು. ಹಾಗೇ ವಾಪಸ್ ಕೊಟ್ಟ. ಅದೇ ಅವನಿಗೆ ಮುಳುವಾಯ್ತು.

ಒಂದು ವಿಚಿತ್ರ ಅಂದರೆ ಮಲೇರಿಯಾವನ್ನು ಓಡಿಸಿದ್ದೂ ಅದೇ ಯುದ್ಧ. ಸೈನಿಕರಿಗಾಗಿ ಬಳಕೆಗೆ ಬಂದ ಡಿಡಿಟಿಯನ್ನು ಯುದ್ಧ ಮುಗಿದ ಬೆನ್ನಲ್ಲೇ, 1946ರ ಹೊತ್ತಿಗೆ, ಆಗಿನ ಮುಂಬಯಿ ಪ್ರಾಂತ್ಯದ ಧಾರವಾಡ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಹಳ್ಳಿಮನೆಗಳ ಗೋಡೆಗೆ ಹೊಡೆದು ನೋಡಿದರು. 1953ರಲ್ಲಿ ದೇಶಕ್ಕೆಲ್ಲ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂತು. ನಮ್ಮಮ್ಮ ಹುಟ್ಟೋ ಹೊತ್ತಿಗೆ ನಮ್ಮೂರಲ್ಲಿ ಚಳಿಜ್ವರ ಕಡಿಮೆಯಾಗಿತ್ತು. ಪಕ್ಕದ ಬೀದಿಯ ಸಿಪಾಯಿ 1945ರ ಕೊನೆಗೆ ಮೂಳೆ ಚಕ್ಕಳವಾಗಿ ವಾಪಸ್ ಬಂದರು, ಹೆಂಡತಿಯ ಕುಂಕುಮ ಉಳಿಯಿತು. ಕಂಟ್ರೋಲು ಮಾತ್ರ ಯುದ್ಧದ ಜೊತೆ ಹೋಗಲಿಲ್ಲ. ಮಳೆ ಕೈಕೊಟ್ಟಿದ್ದರಿಂದ 1946ರಲ್ಲಿ ರೇಷನ್ನು ಇನ್ನೂ ಇಳಿದು ಒಬ್ಬರಿಗೆ ದಿನಕ್ಕೆ ಹನ್ನೆರಡು ಔನ್ಸಿಗೆ ಬಂತು.

ಹೋದ ಭಾನುವಾರ ಮತ್ತೆ ಊರಿಗೆ ಹೋಗಿದ್ದೆ. ಹಾಳೆ ತೆಗೆದುಕೊಂಡು ಹೋಗಿ ಅಜ್ಜಿ ಪಕ್ಕ ಕೂತು, ಕಿವಿಗೆ ಬಾಯಿಟ್ಟು, ಒಂದೊಂದಾಗಿ ಹೇಳಿದೆ. ಸಿಂಗಪುರ, ರಂಗೂನು, ಎಣ್ಣೆ ಬಾವಿ. ತಲೆ ಆಡಿಸ್ತಾ ಕೇಳಿದಳು. ಕ್ವಿನೈನಿನ ವಿಷಯಕ್ಕೆ ಬಂದಾಗ ತಡೆದಳು.

"ಆ ಜಾವ ಅನ್ನೋದು ಎಲ್ಲೈತ್ಲಾ?"

ಫೋನಿನಲ್ಲಿ ಭೂಪಟ ತೆಗೆದು ತೋರಿಸಿದೆ. ಇದು ನಮ್ಮೂರು, ಇದು ಸಮುದ್ರ, ಇಲ್ಲಿದೆ ನೋಡು. ಬೆರಳಿಟ್ಟು ಎಳೆದು ತೋರಿಸಬೇಕಾಯಿತು, ಅಷ್ಟು ದೂರ.

"ಅಲ್ಲಿಂದ ಬತ್ತಿತ್ತಾ ಆ ಕಯ್ ಮಾತ್ರೆ?"

"ಹೂಂ ಅಜ್ಜಿ. ಮೈಸೂರಲ್ಲಿ ಯಾರ ಹತ್ರಾನೂ ಇರ್ಲಿಲ್ಲ. ತಾತ ನಿಜಾನೇ ಹೇಳಿದ್ದು."

ಬಹಳ ಹೊತ್ತು ಏನೂ ಅನ್ನಲಿಲ್ಲ. ಮಂಡಿ ನೀವಿಕೊಳ್ತಾ ಕೂತಿದ್ದಳು. ಆಮೇಲೆ, "ಅವ್ವಂಗೆ ಇದ್ನ ಯಾರಾರ ಯೋಳಿದ್ರೆ..." ಅಂದು ನಿಲ್ಲಿಸಿದಳು. ಮುತ್ತಜ್ಜಿ ಹೋಗಿ ಐವತ್ತು ವರ್ಷದ ಮೇಲಾಯಿತು. ಮುತ್ತಾತ ಅದಕ್ಕೂ ಮುಂಚೆ.

ಅಷ್ಟರಲ್ಲಿ ಮಾವ ಒಳಗೆ ಬಂದರು. ಹಳೇ ನೋಟಿಗೆ ಆನ್‌ಲೈನಿನಲ್ಲಿ ಒಳ್ಳೇ ಬೆಲೆ ಇದೆಯಂತೆ, ಯಾರೋ ಹೇಳಿದರಂತೆ, ಕೊಡೋದಾದರೆ ವಿಚಾರಿಸ್ತೀನಿ ಅಂದರು. ಅಜ್ಜಿ ಅವರ ಮುಖ ನೋಡಿದಳು, ನೋಟನ್ನು ಅದೇ ನಾಲ್ಕು ಮಡಿಕೆಗೆ ಮಡಿಚಿದಳು, ತೂತು ಕಾಸಿನ ಜೊತೆ ರವಿಕೆ ಬಟ್ಟೆಯಲ್ಲಿ ಗಂಟು ಹಾಕಿ ನನ್ನ ಕೈಗೆ ಕೊಟ್ಟಳು.

"ಒಳೀಕಿಕ್ಕು ಮಗ" ಅಂದಳು.